ಮೇಲ್ ಬರುತ್ತದೆ, ಆದರೆ ಹೋಗುವುದಿಲ್ಲ

ಕಂಪ್ಯೂಟರಿನಲ್ಲಿ ಮೇಲ್ ಪ್ರೋಗ್ರಾಂ ಬಳಸುವ ಓದುಗರ ನಾಲ್ಕು ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರ ಕಳುಹಿಸಲು ಹೊರಟರೆ ‘ಟೈಮ್‌ಔಟ್’ ಎಂಬ ಸಂದೇಶ ಬರುತ್ತದೆ ಎಂಬುದೇ ಎಲ್ಲರ ದೂರು. ಆದರೆ ಒಂದೊಂದು ಪತ್ರದ ಹಿಂದಿನ ಕಾರಣವೂ ಬೇರೆಯಾಗಿರುವುದರಿಂದ ಉತ್ತರಗಳನ್ನು ಬೇರೆಬೇರೆಯಾಗಿಯೇ ಕೊಡುತ್ತಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಅನುವಾದದ ಕೆಲಸ ಮಾಡುತ್ತೇನೆ, ಎಂಟು ವರ್ಷಗಳಿಂದ ಥಂಡರ್‌ಬರ್ಡ್ ಬಳಸುತ್ತಿದ್ದೇನೆ. ಕಳೆದ ತಿಂಗಳು ಇಂಟರ್‌ನೆಟ್ ಸಂಪರ್ಕವನ್ನು ಬದಲಾಯಿಸಿಕೊಂಡೆ. ಅಲ್ಲಿಂದೀಚೆಗೆ ಪತ್ರಗಳು ಬರುತ್ತವೆ, ಹೋಗುವುದಿಲ್ಲ. ‘ಸೆಂಡ್’ ಒತ್ತಿದ ಮೇಲೆ ಒಂದೂವರೆ ನಿಮಿಷಕ್ಕೂ ಹೆಚ್ಚು ಕಾಯಿಸಿ, ಹೊರಹೋಗುವ ಸರ್ವರ್‌ನ ಸಂಪರ್ಕದ ಅವಧಿ ಮುಗಿಯಿತು ಎಂಬ ಸಂದೇಶ ತೋರಿಸುತ್ತದೆ. ಪರಿಚಿತರೊಬ್ಬರ ಮಾತಿನಂತೆ ಪೋರ್ಟ್ ಸಂಖ್ಯೆಯನ್ನು 25ರಿಂದ 465ಕ್ಕೆ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಭದ್ರತೆಯ ಜಾಗದಲ್ಲಿ ಮೊದಲಿನಿಂದಲೂ ‘ಸ್ಟಾರ್ಟ್‌ಟಿಎಲ್‌ಎಸ್’ ಎಂದೇ ಇದೆ. ಪಾಸ್‌ವರ್ಡನ್ನು ಎರಡು ಸಲ ಬದಲಿಸಿದ್ದೇನೆ. ಅದೇ ಖಾತೆಯನ್ನು ಬ್ರೌಸರ್‌ನಲ್ಲಿ ತೆರೆದರೆ ಪತ್ರ ಹೋಗುತ್ತದೆ. ಥಂಡರ್‌ಬರ್ಡನ್ನೇ ತೆಗೆದುಹಾಕಿ ಮತ್ತೆ ಹಾಕಿಕೊಳ್ಳಬೇಕೇ?

ಉತ್ತರ: ದಯವಿಟ್ಟು ತೆಗೆದುಹಾಕಬೇಡಿ. ಪ್ರೋಗ್ರಾಂ ಕೆಟ್ಟಿಲ್ಲ. ಅದನ್ನು ತೆಗೆಯುವ ಭರದಲ್ಲಿ ಖಾತೆಯನ್ನೂ ಅಳಿಸಿ, ಕಂಪ್ಯೂಟರಿನಲ್ಲಷ್ಟೇ ಉಳಿದಿದ್ದ ಹತ್ತು ವರ್ಷಗಳ ಪತ್ರಗಳನ್ನು ಕಳೆದುಕೊಂಡ ಹಿರಿಯರೊಬ್ಬರನ್ನು ನಾನು ಬಲ್ಲೆ. ಆ ನಷ್ಟಕ್ಕೆ ಕಾರಣವಾದ ಮೂಲ ತೊಂದರೆ ನಿಮ್ಮದರಷ್ಟೇ ಸಣ್ಣದಾಗಿತ್ತು.

ಪಾಸ್‌ವರ್ಡಿನ ವಿಷಯವನ್ನು ಮೊದಲು ಬದಿಗಿಡೋಣ. ಪಾಸ್‌ವರ್ಡ್ ತಪ್ಪಿದ್ದರೆ ಸರ್ವರ್ ಸುಮ್ಮನಿರುವುದಿಲ್ಲ. ಸಾಮಾನ್ಯವಾಗಿ 535 ಎಂಬ ಸಂಖ್ಯೆಯೊಂದಿಗೆ, ಗುರುತು ಒಪ್ಪಿಗೆಯಾಗಲಿಲ್ಲ ಎಂದು ಬಾಯಿಬಿಟ್ಟು ಹೇಳುತ್ತದೆ. 2022ರ ಮೇ 30ರಿಂದ ಗೂಗಲ್ ತನ್ನ ವೈಯಕ್ತಿಕ ಖಾತೆಗಳಿಗೆ ಹೊರಗಿನ ಪ್ರೋಗ್ರಾಂಗಳಿಂದ ಬರೀ ಪಾಸ್‌ವರ್ಡ್ ಕೊಟ್ಟು ಪ್ರವೇಶಿಸುವುದನ್ನು ನಿಲ್ಲಿಸಿದಾಗ ಎಷ್ಟೋ ಜನರ ಪತ್ರಗಳು ನಿಂತುಹೋದವು, ಆದರೆ ಅವರಿಗೆ ಕಾಣಿಸಿದ್ದು ಇಂಥ ನಿರಾಕರಣೆಯ ಸಂದೇಶವೇ ಹೊರತು ಟೈಮ್‌ಔಟ್ ಅಲ್ಲ. ಟೈಮ್‌ಔಟ್ ಎಂದರೆ ಮೌನ. ನಿಮ್ಮ ಕಂಪ್ಯೂಟರ್ ಏನನ್ನೋ ಕೇಳಿ, ಉತ್ತರಕ್ಕಾಗಿ ಕಾದು, ಕಾಯಲು ತನಗೆ ಕೊಟ್ಟಿದ್ದ ಗಡುವು ತೀರಿದ ಮೇಲೆ ಕೈಬಿಟ್ಟಿದೆ. ಥಂಡರ್‌ಬರ್ಡಿನಲ್ಲಿ ಈ ಗಡುವು ತಾನಾಗಿಯೇ 100 ಸೆಕೆಂಡುಗಳಿಗೆ ನಿಗದಿಯಾಗಿರುತ್ತದೆ. ನೀವು ಕಂಡ ‘ಒಂದೂವರೆ ನಿಮಿಷಕ್ಕೂ ಹೆಚ್ಚು’ ಅದೇ. ಉತ್ತರವೇ ಬಾರದಿರುವಲ್ಲಿ ಪಾಸ್‌ವರ್ಡ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಏಕೆಂದರೆ ಪಾಸ್‌ವರ್ಡನ್ನು ಕೇಳುವ ಹಂತಕ್ಕೆ ನಿಮ್ಮ ಪ್ರೋಗ್ರಾಂ ತಲುಪಿಯೇ ಇಲ್ಲ. ಹಾಗಾಗಿ ಮೌನ ಎಲ್ಲಿಂದ ಶುರುವಾಯಿತು ಎಂಬುದೊಂದನ್ನೇ ಹುಡುಕಬೇಕು.

ಪತ್ರಗಳು ಬರುತ್ತಿರುವುದು ನಿಮ್ಮನ್ನು ಗೊಂದಲಕ್ಕೆ ನೂಕಿದೆ. ಒಳಬರುವ ದಾರಿ ಮತ್ತು ಹೊರಹೋಗುವ ದಾರಿ ಎರಡೂ ಬೇರೆ. ಪತ್ರಗಳನ್ನು ತರಲು ಪ್ರೋಗ್ರಾಂ ಐಮ್ಯಾಪ್ ವಿಧಾನದಲ್ಲಾದರೆ ಸಾಮಾನ್ಯವಾಗಿ ಸರ್ವರ್‌ನ 993ನೇ ಪೋರ್ಟಿಗೆ, ಅಂದರೆ ಆ ಸಂಖ್ಯೆಯ ಬಾಗಿಲಿಗೆ, ಪಾಪ್ ವಿಧಾನದಲ್ಲಾದರೆ 995ನೇ ಪೋರ್ಟಿಗೆ ಹೋಗುತ್ತದೆ. ಕಳುಹಿಸಲು ಎಸ್‌ಎಂಟಿಪಿ ಎಂಬ ಬೇರೆಯೇ ವ್ಯವಸ್ಥೆಯನ್ನು, ಬಹಳ ಸಲ ಬೇರೆಯೇ ಹೆಸರಿನ ಸರ್ವರನ್ನು, 25, 465 ಅಥವಾ 587ನೇ ಪೋರ್ಟಿನಲ್ಲಿ ಹುಡುಕಿಕೊಂಡು ಹೋಗುತ್ತದೆ. ಬ್ರೌಸರ್‌ನಲ್ಲಾದರೆ ನಿಮ್ಮ ಕಂಪ್ಯೂಟರ್ ಎಸ್‌ಎಂಟಿಪಿಯ ಗೊಡವೆಗೇ ಹೋಗುವುದಿಲ್ಲ, ಎಲ್ಲ ವೆಬ್ ಪುಟಗಳಂತೆ 443ನೇ ಪೋರ್ಟಿನಲ್ಲಿ ಮಾತಾಡುತ್ತದೆ. ಮುಂದಿನ ರವಾನೆಯನ್ನು ಮೇಲ್ ಸೇವೆಯೇ ತನ್ನ ಕಡೆಯಿಂದ ಮಾಡಿಕೊಳ್ಳುತ್ತದೆ. ಆದ್ದರಿಂದ ಬ್ರೌಸರ್‌ನಿಂದ ಪತ್ರ ಹೋಯಿತು ಎನ್ನುವುದು ಖಾತೆ ಸರಿಯಾಗಿದೆ ಎಂದಷ್ಟೇ ತಿಳಿಸುತ್ತದೆ, ದಾರಿ ತೆರೆದಿದೆ ಎಂದಲ್ಲ.

ಈಗ ನಿಮ್ಮ ಪತ್ರದಲ್ಲೇ ಇರುವ ಎರಡು ಸುಳಿವುಗಳಿಗೆ ಬರುತ್ತೇನೆ. ನನ್ನ ಲೆಕ್ಕದಲ್ಲಿ ನಿಮಗೆ ಒಂದಾದ ಮೇಲೊಂದರಂತೆ ಎರಡು ತೊಂದರೆಗಳು ಬಂದಿವೆ, ಎರಡೂ ಒಂದೇ ಮುಖ ತೋರಿಸಿದ್ದರಿಂದ ಮೊದಲನೆಯದು ನಿವಾರಣೆಯಾದದ್ದೇ ನಿಮಗೆ ತಿಳಿಯಲಿಲ್ಲ.

ಮೊದಲನೆಯದು 25ನೇ ಪೋರ್ಟಿನದು. 1982ರಲ್ಲಿ ಎಸ್‌ಎಂಟಿಪಿಯ ನಿಯಮಗಳು ಪ್ರಕಟವಾದಾಗ ಪತ್ರ ಹಾಕುವವರಿಗೂ, ಪತ್ರವನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಯಂತ್ರಗಳಿಗೂ ಇದೊಂದೇ ಬಾಗಿಲಿತ್ತು. ವೈರಸ್ ತಗುಲಿದ ಮನೆ ಕಂಪ್ಯೂಟರುಗಳು ಇದೇ ಬಾಗಿಲಿನಿಂದ ಲಕ್ಷಗಟ್ಟಲೆ ಸ್ಪ್ಯಾಮ್ ಸುರಿಯತೊಡಗಿದ ಮೇಲೆ ಅನೇಕ ಇಂಟರ್‌ನೆಟ್ ಸೇವಾ ಸಂಸ್ಥೆಗಳು ಗ್ರಾಹಕರ ಕಡೆಯಿಂದ ಹೊರಡುವ 25ನೇ ಪೋರ್ಟಿನ ಸಂಚಾರವನ್ನು ತಡೆದವು. ತಡೆಯುವ ಬಗೆ ಮುಖ್ಯ: ‘ಇಲ್ಲಿ ಪ್ರವೇಶವಿಲ್ಲ’ ಎಂದು ಹೇಳಿ ಕಳುಹಿಸುವ ಬದಲು ನಿಮ್ಮ ಕಂಪ್ಯೂಟರಿನ ಕೋರಿಕೆಯನ್ನು ಸದ್ದಿಲ್ಲದೆ ಬಿಸಾಡುವುದೇ ಹೆಚ್ಚು. ಹೇಳಿ ಕಳುಹಿಸಿದ್ದರೆ ‘ಸಂಪರ್ಕ ನಿರಾಕರಿಸಲಾಗಿದೆ’ ಎಂಬ ಸಂದೇಶ ಕ್ಷಣದಲ್ಲೇ ಬರುತ್ತಿತ್ತು. ಬಿಸಾಡಿದ್ದರಿಂದ ಟೈಮ್‌ಔಟ್ ಬಂತು. ನಿಮ್ಮ ಹಳೆಯ ಸಂಪರ್ಕದಲ್ಲಿ ಈ ತಡೆ ಇರಲಿಲ್ಲ, ಹೊಸದರಲ್ಲಿ ಇದೆ. ಆ ಸಂಸ್ಥೆಯವರೊಂದಿಗೆ ಜಗಳಕ್ಕೆ ಹೋಗಬೇಡಿ, ಅವರು ಮಾಡಿರುವುದು ಸರಿಯಾದ ಕೆಲಸವೇ. ಪತ್ರ ಹಾಕುವವರಿಗೆಂದು 587ನೇ ಪೋರ್ಟನ್ನು 1998ರಲ್ಲೇ ಪ್ರತ್ಯೇಕವಾಗಿ ಗೊತ್ತುಮಾಡಲಾಗಿದೆ.

ಎರಡನೆಯದು 465ಕ್ಕೆ ಬಂದ ಮೇಲೆ ಹುಟ್ಟಿದ್ದು, ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಪೋರ್ಟಿನ ಸಂಖ್ಯೆಯೂ ಭದ್ರತೆಯ ವಿಧಾನವೂ ಜೋಡಿ; ಒಂದನ್ನು ಮಾತ್ರ ಬದಲಿಸಿದರೆ ಜೋಡಿ ಮುರಿಯುತ್ತದೆ. 587ರಲ್ಲಿ ಸಂಪರ್ಕ ಸಿಕ್ಕ ಕೂಡಲೇ ಮೊದಲು ಮಾತಾಡುವುದು ಸರ್ವರ್. 220 ಎಂಬ ಸಂಖ್ಯೆಯೊಂದಿಗೆ ತನ್ನ ಹೆಸರು ಹೇಳಿ ಸ್ವಾಗತಿಸುತ್ತದೆ, ಆಮೇಲೆ ನಿಮ್ಮ ಪ್ರೋಗ್ರಾಂ ‘ಸ್ಟಾರ್ಟ್‌ಟಿಎಲ್‌ಎಸ್’ ಎಂದು ಕೇಳಿದಾಗ ಮುಂದಿನ ಮಾತುಕತೆ ಗೂಢಲಿಪಿಗೆ ತಿರುಗುತ್ತದೆ. 465ರಲ್ಲಿ ಕ್ರಮ ತಿರುಗುಮುರುಗು. ಅಲ್ಲಿ ಮೊದಲ ಅಕ್ಷರದಿಂದಲೇ ಗೂಢಲಿಪಿ ಇರಬೇಕು, ಅದನ್ನು ಆರಂಭಿಸಬೇಕಾದದ್ದು ನಿಮ್ಮ ಪ್ರೋಗ್ರಾಂ. ನೀವು 465 ಎಂದು ಬರೆದು ಭದ್ರತೆಯನ್ನು ‘ಸ್ಟಾರ್ಟ್‌ಟಿಎಲ್‌ಎಸ್’ನಲ್ಲೇ ಬಿಟ್ಟಾಗ ಏನಾಯಿತೆಂದರೆ, ಸಂಪರ್ಕ ಸಿಕ್ಕಿತು, ಪ್ರೋಗ್ರಾಂ ಸರ್ವರ್‌ನ ಸ್ವಾಗತಕ್ಕಾಗಿ ಕಾಯುತ್ತ ಕುಳಿತಿತು, ಸರ್ವರ್ ಪ್ರೋಗ್ರಾಂ ಗೂಢಲಿಪಿಯ ಮಾತು ತೆಗೆಯಲಿ ಎಂದು ಕಾಯುತ್ತ ಕುಳಿತಿತು. ‘ನೀವು ಮೊದಲು’ ಎಂದು ಬಾಗಿಲಲ್ಲೇ ನಿಂತ ಇಬ್ಬರಂತೆ ಎರಡೂ ನಿಂತಿರುವಾಗ 100 ಸೆಕೆಂಡು ಕಳೆದುಹೋಯಿತು.

ಆದ್ದರಿಂದ ಥಂಡರ್‌ಬರ್ಡಿನ ಖಾತೆ ಸೆಟ್ಟಿಂಗ್ಸ್‌ನಲ್ಲಿ ಎಡಗಡೆಯ ಪಟ್ಟಿಯ ಕೊನೆಯಲ್ಲಿ ‘ಹೊರಹೋಗುವ ಸರ್ವರ್’ ಎಂಬ ಭಾಗಕ್ಕೆ ಹೋಗಿ, 465 ಇಟ್ಟುಕೊಳ್ಳುವುದಾದರೆ ಭದ್ರತೆಯನ್ನು ‘ಎಸ್‌ಎಸ್‌ಎಲ್/ಟಿಎಲ್‌ಎಸ್’ ಎಂದು ಮಾಡಿ, ‘ಸ್ಟಾರ್ಟ್‌ಟಿಎಲ್‌ಎಸ್’ ಇಟ್ಟುಕೊಳ್ಳುವುದಾದರೆ ಪೋರ್ಟನ್ನು 587 ಮಾಡಿ. ಎರಡರಲ್ಲಿ ಯಾವುದು ಎಂಬುದನ್ನು ನಿಮ್ಮ ಮೇಲ್ ಸೇವೆಯ ಸಹಾಯ ಪುಟದಿಂದ ತಿಳಿದುಕೊಳ್ಳಿ. ಕೆಲವು ಪುಟಗಳಲ್ಲಿ 465 ಹಳೆಯದು, ಬಳಸಬಾರದು ಎಂದಿರುತ್ತದೆ. ಆ ಮಾತು ಒಂದು ಕಾಲಕ್ಕೆ ನಿಜವಾಗಿತ್ತು, ಈಗ ಅಲ್ಲ: ಹಿಂದೊಮ್ಮೆ ಕೊಟ್ಟು ಹಿಂತೆಗೆದುಕೊಂಡಿದ್ದ ಆ ಸಂಖ್ಯೆಯನ್ನು 2018ರಲ್ಲಿ ಪ್ರಕಟವಾದ ನಿಯಮಾವಳಿ ಇದೇ ಕೆಲಸಕ್ಕೆ ಮತ್ತೆ ಒಪ್ಪಿಸಿತು, ಮೊದಲ ಅಕ್ಷರದಿಂದಲೇ ಗೂಢಲಿಪಿ ಇರುವ ಈ ವಿಧಾನವನ್ನೇ ಮೇಲೆಂದು ಹೇಳಿತು. ಸೇವೆ ಎರಡನ್ನೂ ಕೊಡುವುದಾದರೆ ನನ್ನ ಮತ ಕೂಡ 465ಕ್ಕೇ.

ಇಷ್ಟಾದ ಮೇಲೂ ಪತ್ರ ಹೋಗದಿದ್ದರೆ ಊಹೆ ಬಿಟ್ಟು ಪರೀಕ್ಷೆಗೆ ಇಳಿಯಿರಿ. ಫೋನಿನ ಹಾಟ್‌ಸ್ಪಾಟ್ ಹಾಕಿ, ಅದೇ ಕಂಪ್ಯೂಟರಿನಿಂದ, ಬೇರೇನನ್ನೂ ಬದಲಿಸದೆ ಕಳುಹಿಸಿ ನೋಡುವುದು ಎಲ್ಲಕ್ಕಿಂತ ಸುಲಭ. ಹೋದರೆ ದೋಷ ನಿಮ್ಮ ಮನೆಯ ರೂಟರ್ ಅಥವಾ ಅದರಾಚೆಯ ಸಂಪರ್ಕದಲ್ಲಿದೆ. ಹೋಗದಿದ್ದರೆ ಬಹುಮಟ್ಟಿಗೆ ಕಂಪ್ಯೂಟರಿನೊಳಗೇ ಇದೆ. ಇದಕ್ಕಿಂತ ಹತ್ತಿರದಿಂದ ನೋಡಬೇಕೆಂದರೆ ಆಜ್ಞೆಗಳ ಕಪ್ಪು ಕಿಟಕಿ ತೆರೆದು ‘ಟೆಲ್‌ನೆಟ್’ ಎಂಬ ಪದ, ಒಂದು ಜಾಗ, ಸರ್ವರ್‌ನ ಹೆಸರು, ಇನ್ನೊಂದು ಜಾಗ, 587 ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ. 220 ಎಂದು ಆರಂಭವಾಗಿ ಸರ್ವರ್‌ನ ಹೆಸರಿರುವ ಸಾಲು ಬಂದರೆ ದಾರಿ ತೆರೆದಿದೆ. ಪರದೆ ಸುಮ್ಮನೆ ನಿಂತು ಕೊನೆಗೆ ಸಂಪರ್ಕವಾಗಲಿಲ್ಲ ಎಂದರೆ ನಡುವೆ ಯಾರೋ ಕೋರಿಕೆಯನ್ನು ನುಂಗುತ್ತಿದ್ದಾರೆ. ಇದೇ ಪರೀಕ್ಷೆಯನ್ನು 465ಕ್ಕೆ ಮಾಡಿದಾಗ ಖಾಲಿ ಪರದೆ ಬಂದರೆ ಗಾಬರಿಯಾಗಬೇಡಿ, ಮೇಲೆ ಹೇಳಿದ ಕಾರಣಕ್ಕಾಗಿ ಅಲ್ಲಿ ಸರ್ವರ್ ಮೊದಲು ಮಾತಾಡುವುದಿಲ್ಲ. ವಿಂಡೋಸ್‌ನಲ್ಲಿ ಟೆಲ್‌ನೆಟ್ ತಾನಾಗಿ ಇರುವುದಿಲ್ಲ, ವಿಂಡೋಸ್ ಫೀಚರ್‌ಗಳ ಪಟ್ಟಿಯಲ್ಲಿ ಗುರುತು ಹಾಕಿ ಸೇರಿಸಿಕೊಳ್ಳಬೇಕು.

ಹಾಟ್‌ಸ್ಪಾಟಿನಲ್ಲೂ ಹೋಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆಂಟಿವೈರಸನ್ನು. ಹೊರಹೋಗುವ ಪತ್ರಗಳನ್ನು ತಪಾಸಣೆ ಮಾಡುವ ಆಂಟಿವೈರಸ್ ನಿಮ್ಮ ಪ್ರೋಗ್ರಾಂಗೂ ಸರ್ವರ್‌ಗೂ ನಡುವೆ ತಾನೇ ಕುಳಿತು, ಒಂದು ಕಡೆ ಸರ್ವರ್‌ನಂತೆ, ಇನ್ನೊಂದು ಕಡೆ ಪ್ರೋಗ್ರಾಂನಂತೆ ನಡೆದುಕೊಳ್ಳುತ್ತದೆ. ಅದು ಎಡವಿದರೆ ಎರಡೂ ಕಡೆಗೆ ಮೌನವೇ. ಆಗ ಇಡೀ ಆಂಟಿವೈರಸನ್ನು ನಿಲ್ಲಿಸುವ ಅಗತ್ಯವಿಲ್ಲ, ಮೇಲ್ ತಪಾಸಣೆಯೆಂಬ ಒಂದು ಭಾಗವನ್ನಷ್ಟೇ ಕೆಲಹೊತ್ತು ನಿಲ್ಲಿಸಿ ನೋಡಿ. ವಿಪಿಎನ್ ಇದ್ದರೆ ಅದನ್ನೂ ಹಾಗೆಯೇ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಟ್ಟುಕೊಳ್ಳಿ, ಫಲ ಸಿಗದಿದ್ದರೆ ಹಿಂದಿನ ಸ್ಥಿತಿಗೇ ತನ್ನಿ. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವರಿಗೆ ಪತ್ರ ಹೋದರೂ ಏಕೆ ಹೋಯಿತೆಂದು ತಿಳಿಯುವುದಿಲ್ಲ.

ಪ್ರಶ್ನೆ: ನಾಲ್ಕು ಸಾಲಿನ ಪತ್ರ ತಕ್ಷಣ ಹೋಗುತ್ತದೆ. ಹದಿನೆಂಟು ಎಂಬಿಯ ಫೈಲನ್ನು ಲಗತ್ತಿಸಿದರೆ ಅರ್ಧ ದಾರಿಯಲ್ಲಿ ನಿಂತು ಟೈಮ್‌ಔಟ್ ಆಗುತ್ತದೆ. ನಮ್ಮ ಸೇವೆಯ ಮಿತಿ ಇಪ್ಪತ್ತೈದು ಎಂಬಿ ಎಂದಿದೆ. ಮಿತಿಯೊಳಗೇ ಇದ್ದರೂ ಹೀಗೇಕೆ?

ಉತ್ತರ: ನೀವು ಅಂದುಕೊಂಡಷ್ಟು ಒಳಗೆ ಇಲ್ಲ. ಇಮೇಲ್ ಮೂಲತಃ ಅಕ್ಷರಗಳನ್ನು ಸಾಗಿಸಲು ಹುಟ್ಟಿದ ವ್ಯವಸ್ಥೆಯಾದ್ದರಿಂದ ಲಗತ್ತುಗಳನ್ನು ‘ಬೇಸ್64’ ಎಂಬ ವಿಧಾನದಿಂದ ಅಕ್ಷರರೂಪಕ್ಕೆ ತಿರುಗಿಸಲಾಗುತ್ತದೆ, ಮೂರು ಬೈಟುಗಳು ನಾಲ್ಕು ಅಕ್ಷರಗಳಾಗುತ್ತವೆ. ನಿಮ್ಮ ಹದಿನೆಂಟು ಎಂಬಿ ಹೊರಡುವಾಗ ಇಪ್ಪತ್ತನಾಲ್ಕನ್ನು ದಾಟಿರುತ್ತದೆ. ಕಳುಹಿಸುವ ವೇಗ ಸೆಕೆಂಡಿಗೆ ಒಂದು ಮೆಗಾಬಿಟ್ ಇದ್ದರೆ ಅಷ್ಟು ಸಾಗಲು ಮೂರು ನಿಮಿಷಕ್ಕೂ ಹೆಚ್ಚು ಬೇಕು. ಇಂಟರ್‌ನೆಟ್ ಸಂಪರ್ಕಗಳಲ್ಲಿ ಇಳಿಸಿಕೊಳ್ಳುವ ವೇಗವನ್ನು ದೊಡ್ಡ ಅಕ್ಷರಗಳಲ್ಲಿ ಹೇಳುತ್ತಾರೆ, ಕಳುಹಿಸುವ ವೇಗವನ್ನು ನಾವೇ ಅಳೆದುಕೊಳ್ಳಬೇಕು.

ಆದರೆ ವೇಗ ಚೆನ್ನಾಗಿದ್ದು, ಒಂದೆರಡು ಎಂಬಿಯ ಲಗತ್ತು ಕೂಡ ಪ್ರತಿ ಸಲವೂ ನಿಲ್ಲುತ್ತದೆ ಎಂದಾದರೆ ಇನ್ನೊಂದು ಕಾರಣವನ್ನು ನೋಡಬೇಕು. ಮಾಹಿತಿ ಸಾಗುವುದು ಸಣ್ಣ ಸಣ್ಣ ಪೊಟ್ಟಣಗಳಲ್ಲಿ. ಈಥರ್‌ನೆಟ್‌ನಲ್ಲಿ ಒಂದು ಪೊಟ್ಟಣದ ಗರಿಷ್ಠ ಗಾತ್ರ 1500 ಬೈಟು. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಡಯಲ್ ಆಗುವ ಪಿಪಿಪಿಒಇ ಸಂಪರ್ಕಗಳಲ್ಲಿ ಎಂಟು ಬೈಟು ಆ ವ್ಯವಸ್ಥೆಗೇ ಖರ್ಚಾಗಿ 1492 ಉಳಿಯುತ್ತದೆ. ದಾರಿಯಲ್ಲಿ ಕಿರಿದಾದ ಜಾಗ ಬಂದಾಗ ‘ಪೊಟ್ಟಣ ದೊಡ್ಡದಾಯಿತು, ಚಿಕ್ಕದು ಮಾಡು’ ಎಂಬ ಸೂಚನೆ ಹಿಂದಕ್ಕೆ ಬರಬೇಕು. ಯಾವುದೋ ಫೈರ್‌ವಾಲ್ ಆ ಸೂಚನೆಯನ್ನೇ ತಡೆದರೆ ದೊಡ್ಡ ಪೊಟ್ಟಣಗಳು ಸುಳಿವಿಲ್ಲದೆ ಕಾಣೆಯಾಗುತ್ತವೆ. ಸ್ವಾಗತ, ಪಾಸ್‌ವರ್ಡ್, ನಾಲ್ಕು ಸಾಲಿನ ಪತ್ರ ಇವೆಲ್ಲ ಚಿಕ್ಕ ಪೊಟ್ಟಣಗಳಾದ್ದರಿಂದ ದಾಟಿಹೋಗುತ್ತವೆ, ಲಗತ್ತಿನ ಮೊದಲ ತುಂಬಿದ ಪೊಟ್ಟಣ ಹೊರಟಲ್ಲಿಂದ ಮೌನ.

ವಿಂಡೋಸ್‌ನಲ್ಲಿ ‘ಪಿಂಗ್’ ಆಜ್ಞೆಗೆ, ಪೊಟ್ಟಣವನ್ನು ಒಡೆಯಬಾರದೆಂಬ ‘ಎಫ್’ ಸೂಚನೆಯನ್ನೂ, ‘ಎಲ್’ ಸೂಚನೆಯೊಂದಿಗೆ 1472 ಎಂಬ ಗಾತ್ರವನ್ನೂ ಕೊಟ್ಟು, ಪಿಂಗ್‌ಗೆ ಉತ್ತರಿಸುವ ಯಾವುದಾದರೂ ಹೊರಗಿನ ವಿಳಾಸಕ್ಕೆ ಕಳುಹಿಸಿ ನೋಡಿ. ಅದರೊಂದಿಗೆ 28 ಬೈಟಿನ ತಲೆಬರಹ ಸೇರಿ 1500 ಆಗುತ್ತದೆ. ಅದು ಹೋಗದೆ 1464 ಹೋದರೆ ನಿಮ್ಮ ದಾರಿ 1492ರದು ಎಂದು ತಿಳಿಯುತ್ತದೆ, ಆಗ ರೂಟರಿನಲ್ಲಿ ಪೊಟ್ಟಣದ ಗರಿಷ್ಠ ಗಾತ್ರವನ್ನು ಸೂಚಿಸುವ ‘ಎಂಟಿಯು’ ಎಂಬಲ್ಲಿ 1492 ಎಂದು ಬರೆದರೆ ಸಾಕು. ಎಂಟಿಯು ಸರಿಯಿದ್ದೂ ದೊಡ್ಡ ಫೈಲುಗಳು ನಿಲ್ಲುತ್ತಿದ್ದರೆ ಅವುಗಳನ್ನು ಕ್ಲೌಡ್‌ನಲ್ಲಿಟ್ಟು ಕೊಂಡಿಯನ್ನಷ್ಟೇ ಕಳುಹಿಸುವುದು ಒಳ್ಳೆಯದು.

ಪ್ರಶ್ನೆ: ನಾನು ಔಟ್‌ಲುಕ್ ಬಳಸುತ್ತೇನೆ. ಕಳುಹಿಸುವಾಗ ಸರ್ವರ್‌ನ ಉತ್ತರಕ್ಕೆ ಕಾಯುವ ಅವಧಿ ಮುಗಿಯಿತು ಎಂದು ದೋಷ ತೋರಿಸುತ್ತದೆ, ಪತ್ರ ಔಟ್‌ಬಾಕ್ಸ್‌ನಲ್ಲೇ ಉಳಿಯುತ್ತದೆ. ಆದರೆ ಆ ಕಡೆಯವರಿಗೆ ಒಂದೇ ಪತ್ರ ಐದು ಸಲ ತಲುಪಿದೆ! ಬಹಳ ಮುಜುಗರವಾಗಿದೆ. ಇದು ಹೇಗೆ ಸಾಧ್ಯ?

ಉತ್ತರ: ನಿಮ್ಮ ಮುಜುಗರ ಅರ್ಥವಾಗುತ್ತದೆ; ಹೀಗಾಗುತ್ತಿದೆ ಎಂದು ತಿಳಿದ ಕೂಡಲೇ ಔಟ್‌ಲುಕ್ಕನ್ನು ‘ವರ್ಕ್ ಆಫ್‌ಲೈನ್’ಗೆ ಹಾಕಿ, ಔಟ್‌ಬಾಕ್ಸ್‌ನಲ್ಲಿರುವ ಪತ್ರವನ್ನು ಡ್ರಾಫ್ಟ್ಸ್‌ಗೆ ಎಳೆದುಬಿಡಿ. ಆರನೆಯ ಪ್ರತಿ ಹೋಗುವುದು ಅಲ್ಲಿಗೆ ನಿಲ್ಲುತ್ತದೆ.

ಇಲ್ಲಿ ಮೌನ ಶುರುವಾಗುವುದು ಕಟ್ಟಕಡೆಯಲ್ಲಿ. ಎಸ್‌ಎಂಟಿಪಿಯಲ್ಲಿ ಪತ್ರದ ಪಠ್ಯವೆಲ್ಲ ಹೋದ ಮೇಲೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ ಇಟ್ಟು ಮುಗಿಯಿತೆಂದು ತಿಳಿಸಬೇಕು. ಸರ್ವರ್ 250 ಎಂಬ ಸಂಖ್ಯೆಯೊಂದಿಗೆ ಸ್ವೀಕೃತಿ ಕೊಡುತ್ತದೆ. ಆ ಚುಕ್ಕಿಗೂ 250ಕ್ಕೂ ನಡುವೆ ಸರ್ವರ್ ಪತ್ರವನ್ನು ಪರೀಕ್ಷಿಸುತ್ತ ತಡಮಾಡಿದರೆ, ಅಥವಾ ನಿಮ್ಮ ಆಂಟಿವೈರಸ್ ಸ್ವೀಕೃತಿಯನ್ನು ತಡೆಹಿಡಿದರೆ, ಪತ್ರ ಹೋಗಿರುತ್ತದೆ, ಹೋಯಿತೆಂಬ ಸುದ್ದಿ ಮಾತ್ರ ಬಂದಿರುವುದಿಲ್ಲ. ಹೋಗಲಿಲ್ಲವೆಂದು ತಿಳಿದ ಔಟ್‌ಲುಕ್ ಪತ್ರವನ್ನು ಕಳೆದುಕೊಳ್ಳಬಾರದೆಂದು ಮತ್ತೆ ಮತ್ತೆ ಕಳುಹಿಸುತ್ತದೆ. ಪತ್ರ ಕಳೆದುಹೋಗುವುದಕ್ಕಿಂತ ಎರಡು ಸಲ ಹೋಗುವುದು ಮೇಲು ಎಂಬ ಆಲೋಚನೆ ಎಸ್‌ಎಂಟಿಪಿಯ ನಿಯಮಗಳಲ್ಲೇ ಇದೆ. ಈ ಸ್ವೀಕೃತಿಗಾಗಿ ಹತ್ತು ನಿಮಿಷ ಕಾಯಬೇಕೆಂದು ಅದೇ ನಿಯಮಗಳು ಹೇಳುತ್ತವೆ.

ಗಡುವನ್ನು ಹೆಚ್ಚಿಸುವುದರಿಂದ ನಿಜವಾಗಿ ಉಪಯೋಗವಾಗುವುದು ಇಂಥ ಸಂದರ್ಭದಲ್ಲಿ. ಮೊದಲ ಓದುಗರ ತೊಂದರೆಗೆ ಇದನ್ನು ಹೇಳಲಿಲ್ಲ, ಏಕೆಂದರೆ ಮುಚ್ಚಿದ ಬಾಗಿಲ ಮುಂದೆ ಹತ್ತು ನಿಮಿಷ ನಿಂತರೂ ಅದು ತೆರೆಯುವುದಿಲ್ಲ. ಔಟ್‌ಲುಕ್‌ನ ಖಾತೆಯ ಹೆಚ್ಚಿನ ಸೆಟ್ಟಿಂಗ್ಸ್‌ನಲ್ಲಿ ‘ಸರ್ವರ್ ಟೈಮ್‌ಔಟ್ಸ್’ ಎಂಬ ಜಾರುಗುಂಡಿ ಸಿಕ್ಕರೆ ಅದನ್ನು ಒಂದು ನಿಮಿಷದಿಂದ ಐದು ನಿಮಿಷದತ್ತ ಸರಿಸಿ, ಹೊರಹೋಗುವ ಪತ್ರಗಳ ತಪಾಸಣೆಯನ್ನು ಆಂಟಿವೈರಸ್‌ನಲ್ಲಿ ನಿಲ್ಲಿಸಿ. ಒಳಬರುವ ಪತ್ರಗಳ ತಪಾಸಣೆ ಇರಲಿ.

ಇದಕ್ಕೆ ಹತ್ತಿರದ ಇನ್ನೊಂದು ತೊಂದರೆಯೂ ಉಂಟು. ಐಮ್ಯಾಪ್ ಖಾತೆಗಳಲ್ಲಿ ಪತ್ರ ಹೋದ ಮೇಲೆ ಅದರ ಪ್ರತಿಯನ್ನು ಸರ್ವರ್‌ನ ‘ಸೆಂಟ್’ ಫೋಲ್ಡರಿಗೆ ಹಾಕುವುದು ಬೇರೆಯೇ ಕೆಲಸ, ಬೇರೆಯೇ ಸಂಪರ್ಕ. ಅದು ಕೈಕೊಟ್ಟರೆ ಪತ್ರ ತಲುಪಿದ್ದರೂ ದೋಷದ ಕಿಟಕಿ ಏಳುತ್ತದೆ. ಸಂದೇಶದಲ್ಲಿ ‘ಸೆಂಟ್ ಫೋಲ್ಡರ್’ ಎಂಬ ಮಾತಿದ್ದರೆ ಮತ್ತೆ ಕಳುಹಿಸುವ ಮೊದಲು ಆ ಕಡೆಯವರನ್ನು ಒಮ್ಮೆ ವಿಚಾರಿಸಿ.

ಪ್ರಶ್ನೆ: ಮೇಲ್ ಸೇವೆಯ ಸಹಾಯವಾಣಿಗೆ ಮೂರು ಸಲ ಕರೆ ಮಾಡಿದೆ. ಮೂರು ಸಲವೂ ‘ಪಾಸ್‌ವರ್ಡ್ ಬದಲಿಸಿ, ಕಂಪ್ಯೂಟರ್ ಮರುಚಾಲನೆ ಮಾಡಿ’ ಎಂದರು. ಅವರಿಗೆ ಹೇಗೆ ಹೇಳಿದರೆ ಅರ್ಥವಾಗುತ್ತದೆ?

ಉತ್ತರ: ‘ಮೇಲ್ ಹೋಗುತ್ತಿಲ್ಲ’ ಎಂಬ ಮಾತಿಗೆ ಅವರ ಬಳಿ ಬೇರೆ ಉತ್ತರವಿರುವುದಿಲ್ಲ, ಆ ಮಾತಿನಲ್ಲಿ ಹಿಡಿಯಲು ಏನೂ ಇಲ್ಲ. ಕರೆ ಮಾಡುವುದಕ್ಕಿಂತ ಬ್ರೌಸರ್‌ನಿಂದ ಬರೆದು ಕಳುಹಿಸಿ, ಮೊದಲ ಉತ್ತರದಲ್ಲಿ ಹೇಳಿದ ಹಾಟ್‌ಸ್ಪಾಟ್, ಟೆಲ್‌ನೆಟ್ ಪರೀಕ್ಷೆಗಳೆರಡನ್ನೂ ಮಾಡಿದ ಮೇಲೆಯೇ ಬರೆಯಿರಿ. ದೋಷಸಂದೇಶವನ್ನು ಅನುವಾದಿಸದೆ, ಇದ್ದದ್ದನ್ನು ಇದ್ದಂತೆ ಸೇರಿಸಿ. ಪಾಸ್‌ವರ್ಡನ್ನು ಮಾತ್ರ ಯಾರು ಕೇಳಿದರೂ ಬರೆಯಬೇಡಿ. ಪತ್ರ ಹೀಗಿದ್ದರೆ ಸಾಕು:

“ನಿಮ್ಮ ಹೊರಹೋಗುವ ಸರ್ವರ್‌ಗೆ 587ನೇ ಪೋರ್ಟಿನಲ್ಲಿ, ಸ್ಟಾರ್ಟ್‌ಟಿಎಲ್‌ಎಸ್ ಭದ್ರತೆಯೊಂದಿಗೆ ಸಂಪರ್ಕಿಸಿದಾಗ ನಿನ್ನೆ ಬೆಳಿಗ್ಗೆ ಹತ್ತರಿಂದ ಟೈಮ್‌ಔಟ್ ಆಗುತ್ತಿದೆ. ಮನೆಯ ಸಂಪರ್ಕದಿಂದ ಟೆಲ್‌ನೆಟ್ ಮಾಡಿದರೆ 220 ಸಾಲು ಬರುವುದಿಲ್ಲ. ಅದೇ ಕಂಪ್ಯೂಟರಿನಿಂದ ಫೋನಿನ ಹಾಟ್‌ಸ್ಪಾಟ್ ಮೂಲಕ ಮಾಡಿದರೆ ತಕ್ಷಣ ಬರುತ್ತದೆ. ಒಳಬರುವ ಪತ್ರಗಳಿಗೆ ಎರಡೂ ಕಡೆ ತೊಂದರೆಯಿಲ್ಲ. ನನ್ನ ಮನೆಯ ಸಂಪರ್ಕದ ಐಪಿ ವಿಳಾಸವನ್ನು ಕೆಳಗೆ ಕೊಟ್ಟಿದ್ದೇನೆ. ನಿಮ್ಮ ಕಡೆ ಅದನ್ನು ತಡೆಹಿಡಿಯಲಾಗಿದೆಯೇ ಎಂದು ದಯವಿಟ್ಟು ನೋಡಿ ತಿಳಿಸಿ.”

ಇದೇ ಪತ್ರದ ಇನ್ನೊಂದು ಪ್ರತಿಯನ್ನು, ಕೊನೆಯ ಪ್ರಶ್ನೆಯನ್ನು ‘ನಿಮ್ಮ ಜಾಲದಲ್ಲಿ 587ನೇ ಪೋರ್ಟನ್ನು ತಡೆಯಲಾಗಿದೆಯೇ’ ಎಂದು ಬದಲಿಸಿ, ನಿಮ್ಮ ಇಂಟರ್‌ನೆಟ್ ಸೇವೆಯವರಿಗೂ ಅದೇ ದಿನ ಕಳುಹಿಸಿ.